ಗುಡ್ಡ ಬಲ್ಲ ಕುರಿ

ಗುಡ್ಡಕ್ಕೆ ಬೇಲಿ ಹಾಕುವ ಮಾತು ಬಂದ ದಿನ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅಕ್ಕ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹುಲ್ಲುಗಾವಲು ಸಮಿತಿಯ ಅಧ್ಯಕ್ಷಳಾದ ಮೇಲಂತೂ ಆ ಕರೆಯಲ್ಲಿ ಅರ್ಧ ಪ್ರೀತಿ, ಅರ್ಧ ಅಂಜಿಕೆ ಸೇರಿಕೊಂಡಿತ್ತು. ನಿಜವಾಗಿ ಅವಳು ಅಕ್ಕನಾಗಿದ್ದುದು ಒಬ್ಬನಿಗೇ. ಆ ಗುಡ್ಡದ ಮೇಲೆ ಎಲ್ಲರಿಗಿಂತ ದೊಡ್ಡ ಕುರಿಹಿಂಡು ಮೇಯಿಸುತ್ತಿದ್ದ ತಮ್ಮನಿಗೆ.

ಗುಡ್ಡದ ಗತಿ ನೋಡಿದ ಯಾರಿಗೂ ಬೇಲಿ ಬೇಡ ಎನ್ನುವ ಬಾಯಿ ಇರಲಿಲ್ಲ. ದನಕುರಿಗಳು ಹುಲ್ಲನ್ನು ಬೇರು ಬಿಡದೆ ಮೇಯ್ದಿದ್ದವು. ಜನ ಸೌದೆಗೆಂದು ಪೊದೆಗಳನ್ನೂ ಬುಡಸಮೇತ ಕಿತ್ತಿದ್ದರು. ಒಂದು ಮಳೆ ಬಿದ್ದರೆ ಸಾಕು, ಮಣ್ಣೆಲ್ಲ ಕೆಳಗಿನ ಹೊಲಗಳಿಗೆ ಇಳಿಯುತ್ತಿತ್ತು. ತಗ್ಗಿನಲ್ಲಿದ್ದ ಒರತೆ ಬತ್ತಿ ಎರಡು ವರ್ಷವಾಗಿತ್ತು.

"ನಾಲ್ಕಾರು ವರ್ಷ ಒಂದು ಗೊರಸೂ ಒಳಗೆ ಬೀಳಬಾರದು," ಎಂದಿದ್ದರು ಅರಣ್ಯಾಧಿಕಾರಿ. ಹಸು ಎಮ್ಮೆಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕಬಹುದು. ಕುರಿಹಿಂಡನ್ನು ಹಾಗೆ ಕಟ್ಟಲಾಗದು. ಕುರಿಯವರು ಮಾರಲೇಬೇಕು.

ಸಭೆ ಮುಗಿಸಿ ಹೊರಡುವಾಗ ತಮ್ಮ ಅಕ್ಕನ ಹಿಂದೆಯೇ ಬಂದ.

"ಅಕ್ಕ, ಒಂದು ಐದಾರು ಮುದಿಕುರಿ ಇಟ್ಕೋತೀನಿ. ಹಿಂಡಿನ ಮುಂದೆ ನಡೆಯೋ ಗಂಟೆ ಕುರಿ, ಅದರ ಜೊತೆಯವು. ಕಾಲುವೆ ದಡದಲ್ಲಿ ಮೇಯಿಸ್ಕೋತೀನಿ, ಗುಡ್ಡದ ಕಡೆ ತಲೆ ಹಾಕಿಸಲ್ಲ."

"ಯಾಕೋ? ಮರಿ ಹಾಕ್ತವಾ, ಉಣ್ಣೆ ಕೊಡ್ತವಾ?"

"ಏನೂ ಕೊಡಲ್ಲ. ಅಭ್ಯಾಸ ಆಗಿಬಿಟ್ಟಿದೆ, ಅಷ್ಟೇ."

ಅಕ್ಕ ನಿಂತಳು. ಹಿಂದೆ ಬರುತ್ತಿದ್ದ ಬಡಗಿ, ಅವನ ಹಿಂದಿನ ಹೆಂಗಸರು, ಎಲ್ಲರ ಕಿವಿಗಳೂ ಇತ್ತಲೇ ಇದ್ದವು. "ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರೆ ಕಣೋ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಊರಿಗೊಂದು ಕಾನೂನು, ನನ್ನ ತಮ್ಮನಿಗೊಂದು ಕಾನೂನಾ? ಒಂದೂ ಉಳಿಸಬೇಡ."

"ಭೇಷ್ ಅಕ್ಕ!" ಎಂದ ಬಡಗಿ. ಆ ಭೇಷ್ ಅವಳಿಗೆ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂಬುದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

ವ್ಯಾಪಾರಿಯ ಲಾರಿ ಬಂದಾಗ ಗಂಟೆ ಕುರಿ ಹಲಗೆ ಹತ್ತಲಿಲ್ಲ. ಮುಂಗಾಲು ಊರಿ ನಿಂತುಬಿಟ್ಟಿತು. ತಮ್ಮನೇ ಅದನ್ನು ಮಗುವಿನಂತೆ ಎತ್ತಿ ಒಳಗಿಟ್ಟು, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಮುಂದಿನ ವಾರದಿಂದ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋಗತೊಡಗಿದ. ಅಕ್ಕನ ಜೊತೆ ಮಾತು ನಿಂತಿತು. ಅವಳು ಮನೆಗೆ ಬಂದರೆ ಹೊರಗೆ ಹಾಕುತ್ತಿರಲಿಲ್ಲ; ಎದುರಿಗೇ ಕೂತು ಹೆಂಡತಿಗೆ ಹೇಳುತ್ತಿದ್ದ, "ನಿನ್ನ ಅತ್ತಿಗೆಗೆ ಹೇಳು, ಚಹಾ ಆರಿಹೋಗ್ತಿದೆ."

"ಕೇಳಿಸ್ಕೊಂಡ್ರಲ್ಲ ಅತ್ತಿಗೆ?" ಎನ್ನುತ್ತಿದ್ದಳು ಅವಳು. "ಒಂದು ಮಾರು ದೂರಕ್ಕೆ ನಾನು ಟಪಾಲು ಹೊರಬೇಕು. ಸಂಬಳವೂ ಇಲ್ಲ, ರಜೆಯೂ ಇಲ್ಲ."

ಗುಡ್ಡ ಮಾತ್ರ ಕೊಟ್ಟ ಮಾತು ಉಳಿಸಿಕೊಂಡಿತು. ಇಳಿಜಾರಿಗೆ ಅಡ್ಡಲಾಗಿ ಊರವರು ಹಾಕಿದ ಕಲ್ಲಿನ ಒಡ್ಡುಗಳ ಹಿಂದೆ ಮಣ್ಣು ನಿಂತಿತು, ಮಣ್ಣಿನಲ್ಲಿ ಎರಚಿದ ಹುಲ್ಲಿನ ಬೀಜ ನಿಂತಿತು. ಮೊದಲು ತೇಪೆ ತೇಪೆಯಾಗಿ, ಆಮೇಲೆ ಕಂಬಳಿ ಹೊದ್ದಂತೆ ಹಸಿರು ಬಂತು. ನೆಟ್ಟ ಸಸಿಗಳಿಗಿಂತ, ಕಡಿದ ಬುಡಗಳಿಂದ ತಾವಾಗಿ ಚಿಗುರಿದವೇ ಬೇಗ ಮರವಾದವು. ಕೊನೆಗೊಂದು ಬೆಳಿಗ್ಗೆ ತಗ್ಗಿನಲ್ಲಿ ಒರತೆ ಜಿನುಗಿತು. ಅದರ ಸುತ್ತ ಸಣ್ಣ ಬಿಳಿ ಹೂವಿನ ಗಿಡಗಳು ಒತ್ತಾಗಿ ಎದ್ದವು. ನೋಡಲು ಬಂದ ದೊಡ್ಡ ಸಾಹೇಬರುಗಳು ಆ ಹೂಗಳ ನಡುವೆ ಅಕ್ಕನನ್ನು ನಿಲ್ಲಿಸಿ ಫೋಟೋ ತೆಗೆದರು.

ಬೇಲಿ ಹಾಕಿದ ಆರನೆಯ ವರ್ಷ ಅಧಿಕಾರಿಯೇ ಹೇಳಿದರು: ಇನ್ನು ಮೇಯದಿದ್ದರೆ ಹುಲ್ಲು ಒಣಗಿ ಬಿದ್ದು, ಕೆಳಗಿನ ಚಿಗುರು ಉಸಿರುಗಟ್ಟುತ್ತದೆ, ಬೆಂಕಿಯ ಭಯ ಬೇರೆ. ಒಂದೊಂದೇ ಭಾಗ ಸರದಿಯ ಮೇಲೆ ತೆರೆಯಬೇಕು. ಇಲಾಖೆಯವರು ಕುರಿ ಸಾಕುವ ಫಾರಮ್ಮಿನಿಂದ ಕುರಿ ಕೊಡಿಸುತ್ತೇವೆ, ಕಾಯುವವರನ್ನು ನೀವೇ ಆರಿಸಿ.

ಅಕ್ಕ ಆ ಸಂಜೆಯೇ ತಮ್ಮನ ಮನೆಗೆ ಓಡಿದಳು. ಓಡಿದಳು ಎಂದರೆ ಓಡಿದಳೇ, ಆ ವಯಸ್ಸಿನಲ್ಲಿ. ಇಷ್ಟು ವರ್ಷ ಅವಳು ಕಾದದ್ದು ಹುಲ್ಲಿಗಷ್ಟೇ ಅಲ್ಲ. ಹುಲ್ಲು ಬಂದ ದಿನ ಇವನು ಮತ್ತೆ ಗುಡ್ಡ ಹತ್ತುತ್ತಾನೆ, ಅಲ್ಲಿಗೆ ತನ್ನ ಕಾಠಿಣ್ಯದ ಲೆಕ್ಕ ಚುಕ್ತಾ ಆಗುತ್ತದೆ ಎಂದು ಒಳಗೊಳಗೇ ನಂಬಿದ್ದಳು.

ಅವನು ಇಟ್ಟಿಗೆ ದೂಳಿನ ಕೈಕಾಲು ತೊಳೆಯುತ್ತಿದ್ದ. ಹೆಂಡತಿ ಒಳಗಿಂದ, "ಈ ಸಲ ನಾನು ಟಪಾಲು ತರಲ್ಲ," ಎಂದಳು.

"ಗುಡ್ಡಕ್ಕೆ ಕುರಿ ಬರ್ತವೆ, ಕಾಯೋಕೆ ಬಾರೋ," ಎಂದಳು ಅಕ್ಕ. "ಕಾಲು ಹಿಡ್ಕೊಳ್ಳಲಾ?"

ಅವನು ಚೊಂಬು ಕೆಳಗಿಟ್ಟ. ಬಾಯಿಂದ ಮಾತು ಬಂತು, ನೇರವಾಗಿ ಅವಳಿಗೇ. "ಬೇಡ. ಕಾಲಿಗೆ ಮೊದಲೇ ಕೆಸರಿದೆ. ಬರ್ತೀನಿ. ಕುರಿಗೋಸ್ಕರ."

ಅಷ್ಟು ಸಾಕಿತ್ತು ಅವಳಿಗೆ.

ಬೇಲಿಯ ಬಾಗಿಲು ತೆರೆದ ದಿನ ಊರೇ ನೆರೆದಿತ್ತು. ಫಾರಮ್ಮಿನ ಕುರಿಗಳು ಹುಟ್ಟಿದಾರಭ್ಯ ತೊಟ್ಟಿಯಲ್ಲಿ ತಿಂಡಿ ತಿಂದು ಬೆಳೆದವು. ಮೊಣಕಾಲೆತ್ತರದ ಹುಲ್ಲು ಕಂಡು ಬಾಗಿಲಲ್ಲೇ ಒಂದಕ್ಕೊಂದು ಅಂಟಿಕೊಂಡು ನಿಂತವು.

"ಬೀಗರ ಮನೆಗೆ ಬಂದಹಾಗೆ ನಾಚ್ಕೋತಿವೆ," ಎಂದ ಬಡಗಿ. "ಯಾರಾದ್ರೂ ಎಲೆ ಹಾಕಿ ಬಡಿಸ್ರಪ್ಪ!"

ತಮ್ಮ ನಕ್ಕ. ಹಲ್ಲು ಕಾಣುವಂತೆ ನಕ್ಕ. ನಾಲಗೆ ಮಡಿಸಿ ಸದ್ದು ಮಾಡುತ್ತ, ಬೆನ್ನು ತಟ್ಟುತ್ತ ಒಂದೊಂದನ್ನೇ ಒಳಗೆ ಹೊಗಿಸಿದ. ಅಕ್ಕ ಆ ನಗುವನ್ನು ಮನೆಗೆ ಕೊಂಡೊಯ್ದು ಮೂರು ದಿನ ಇಟ್ಟುಕೊಂಡಳು.

ನಾಲ್ಕನೆಯ ಮಧ್ಯಾಹ್ನ ಅವನ ಕೂಗು ಕೇಳಿತು. ಅವಳು ಏದುಸಿರು ಬಿಡುತ್ತ ತಗ್ಗಿಗೆ ಬಂದಾಗ ಕುರಿಗಳು ಒರತೆಯ ಸುತ್ತ ಬಿದ್ದಿದ್ದವು. ಬಾಯಲ್ಲಿ ನೊರೆ, ಕಾಲುಗಳು ಗಾಳಿಯಲ್ಲಿ ನಡೆಯುತ್ತಿದ್ದವು. ಒಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಕೂತಿದ್ದ. ಅದರ ತುಟಿಗೆ ಬಿಳಿ ಹೂವಿನ ಎಸಳು ಅಂಟಿತ್ತು.

ಪಶುವೈದ್ಯರು ಬರುವ ಹೊತ್ತಿಗೆ ಹೆಚ್ಚಿನವು ಸತ್ತಿದ್ದವು. ಗಿಡ ಕಿತ್ತು ಮೂಸಿದರು. "ಇದೇ. ವಿಷ. ನೀರಿನ ತಾವಿನಲ್ಲಿ ಬೆಳೆಯುತ್ತೆ."

"ಮೊದಲೂ ಇತ್ತಲ್ಲ, ಒರತೆ ಇದ್ದಾಗ?" ಎಂದಳು ಅಕ್ಕ. "ಆಗ ಒಂದೂ ಸತ್ತಿರಲಿಲ್ಲ."

"ಇದೇ ಗುಡ್ಡದಲ್ಲಿ ಹುಟ್ಟಿದ ಕುರಿ ಇದನ್ನ ಮುಟ್ಟೋದಿಲ್ಲಮ್ಮ. ತಾಯಿ ಬಿಟ್ಟದ್ದನ್ನ ಮರಿಯೂ ಬಿಡುತ್ತೆ. ಇವಕ್ಕೆ ತೋರಿಸೋರು ಯಾರಿದ್ರು? ಹಳೇ ಹಿಂಡಿನ ನಾಲ್ಕು ಇದ್ದಿದ್ರೆ…" ಅವರು ಕೈ ತೊಳೆಯಲು ನೀರು ಕೇಳಿದರು. ಆ ಮಾತು ಎಲ್ಲಿ ತಾಗಿತೆಂದು ಅವರಿಗೆ ತಿಳಿದಿರಲಿಲ್ಲ.

ಅಕ್ಕ ತಮ್ಮನ ಮುಖ ನೋಡಲಿಲ್ಲ. ಅವನೇ ಮಾತಾಡಿದ, ತನಗೆ ತಾನೇ ಎನ್ನುವಂತೆ.

"ಗಂಟೆ ಕುರಿ ಈ ತಗ್ಗಿಗೆ ಇಳೀತಾನೇ ಇರ್ಲಿಲ್ಲ. ಮೇಲಿಂದ ಸುತ್ತಿ ಹೋಗೋದು. ಕೆಸರಿಗೆ ಹೆದರುತ್ತೆ ಅಂದ್ಕೊಂಡಿದ್ದೆ. ಹಟಮಾರಿ ಮುಂಡೇದು ಅಂತ ಎಷ್ಟು ಸಲ ಕೋಲಲ್ಲಿ ಬಾರಿಸಿದೀನಿ."

"ನೀನು ಅವತ್ತು ಇದನ್ನ ಹೇಳಿದ್ದಿದ್ರೆ…"

"ಗೊತ್ತಿದ್ರೆ ತಾನೇ ಹೇಳೋದು? ನಂಗೂ ಗೊತ್ತಿರ್ಲಿಲ್ಲ. ಆದ್ರೆ ಅಕ್ಕ," ಅವನ ದನಿ ಏರಲಿಲ್ಲ, "ಇಟ್ಕೋತೀನಿ ಅಂತ ಕೇಳಿದ್ನಲ್ಲ. ಕಾರಣ ಹೇಳಕ್ಕೆ ಬರದೋರು ಕೇಳಿದ್ರೂ ಒಂದೊಂದ್ಸಲ ಕೊಡ್ಬೇಕು."

ಮಾರನೆಯ ದಿನ ಅಧಿಕಾರಿ ಬಂದರು. ತಗ್ಗಿಗೆ ಪ್ರತ್ಯೇಕ ಬೇಲಿ ಹಾಕೋಣ, ಹೊಸ ಕುರಿ ತರಿಸೋಣ, ಇದೊಂದು ಸಣ್ಣ ಹಿನ್ನಡೆ ಎಂದರು. ಜನ ತಲೆಯಾಡಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಭದ್ರ ಎಂದು ಬಡಗಿ ಗೊಣಗಿದ. ಈ ಬಾರಿ ಯಾರೂ ನಗಲಿಲ್ಲ. ಅಕ್ಕ ಎಲ್ಲಿ ಕಂಬ ನೆಡಬೇಕೆಂದು ಕೈ ತೋರಿಸಿದಳು.

ಬದುಕಿ ಉಳಿದದ್ದು ಮೂರು ಕುರಿ. ಆ ಗಿಡವನ್ನು ಹೆಚ್ಚು ತಿನ್ನದಿದ್ದುದರಿಂದ, ನರಳಿ ನರಳಿ ಎದ್ದುಕೊಂಡವು. ಮೈಯಲ್ಲಿ ಕಸುವು ಬಂದ ಮೇಲೆ ತಮ್ಮ ಅವನ್ನು ಹೊಡೆದುಕೊಂಡು ಬಂದು ಅಕ್ಕನ ಅಂಗಳದಲ್ಲಿ ಬಿಟ್ಟ.

"ಇದೇನೋ? ಒಯ್ಯಿ. ಇನ್ನು ಇವು ಆ ಗಿಡ ಮುಟ್ಟಲ್ಲ. ಇವುಗಳ ಮರಿನೂ ಮುಟ್ಟಲ್ಲ. ಇವುಗಳಿಂದಲೇ ಮತ್ತೆ ಹಿಂಡು ಮಾಡ್ಬಹುದು ಕಣೋ."

"ಹೌದು, ಇವಕ್ಕೆ ಗೊತ್ತಾಗಿದೆ. ಹಿಂಡು ಆಗುತ್ತೆ." ಅವನು ಕೋಲನ್ನು ಗೋಡೆಗೆ ಒರಗಿಸಿದ. "ನೀನು ಮಾಡು. ಒಂದು ಸಲ ಎತ್ತಿ ಲಾರಿಗೆ ಹಾಕಿದೀನಿ, ಒಂದು ಸಲ ಎಳೆದು ಗುಂಡಿಗೆ ಹಾಕಿದೀನಿ. ಮೂರನೇ ಸಲಕ್ಕೆ ನನ್ನ ಕೈಲಾಗಲ್ಲ."

"ಚಹಾ ಆದ್ರೂ ಕುಡ್ಕೊಂಡು ಹೋಗೋ."

"ಭಟ್ಟಿಗೆ ಹೊತ್ತಾಯ್ತು."

ಕುರಿ ಮೇಯಿಸಿ ಗೊತ್ತಿಲ್ಲದ ಅಧ್ಯಕ್ಷೆ ಮೂರು ಕುರಿಗಳ ಹಿಂದೆ ಗುಡ್ಡ ಹತ್ತತೊಡಗಿದಳು. ನಾಲಗೆ ಮಡಿಸಿ ಸದ್ದು ಮಾಡಲು ನೋಡಿದಳು; ಬರೀ ಉಗುಳು ಬಂತು. ಕುರಿಗಳು ಅವಳ ಸದ್ದಿಗೆ ಕಾಯಲಿಲ್ಲ. ತಗ್ಗು ಹತ್ತಿರವಾದಂತೆ ಮುಂದಿನದು ಮೂಗೆತ್ತಿ ನಿಂತು, ಎಡಕ್ಕೆ ಹೊರಳಿ ಮೇಲಿನ ಕಲ್ಲುದಾರಿ ಹಿಡಿಯಿತು. ಉಳಿದೆರಡೂ ಅದರ ಹಿಂದೆ.

ಕೆಳಗೆ ರಸ್ತೆಯಲ್ಲಿ ಭಟ್ಟಿಯ ಟ್ರ್ಯಾಕ್ಟರ್ ಹೋಗುತ್ತಿತ್ತು. ಆಳುಗಳಲ್ಲೊಬ್ಬ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ, "ಅಧ್ಯಕ್ಷರೇ! ಬಡ್ತಿ ಸಿಕ್ತಾ?" ಎಲ್ಲರೂ ನಕ್ಕರು. ಅವರ ನಡುವೆ ಕೂತಿದ್ದ ತಮ್ಮ ನಗಲಿಲ್ಲ, ಬೈಯಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವಿ, ಮತ್ತೆ ಕಟ್ಟಿಕೊಳ್ಳುತ್ತ ಆಚೆಗೆ ತಿರುಗಿ ಕೂತ.

ಅಕ್ಕ ಟ್ರ್ಯಾಕ್ಟರ್ ತಿರುವು ದಾಟುವವರೆಗೆ ನಿಂತು ನೋಡಿದಳು. ತಿರುಗಿ ನೋಡಿದರೆ ಕುರಿಗಳು ಆಗಲೇ ಬಹಳ ಮೇಲೆ ಹೋಗಿದ್ದವು. ಅವಳು ಕೋಲೂರಿಕೊಂಡು, ಸೊಂಟ ಹಿಡಿದುಕೊಂಡು, ಮೊಣಕಾಲೆತ್ತರದ ಹುಲ್ಲನ್ನು ಸರಿಸುತ್ತ ಅವುಗಳ ಹಿಂದೆ ಹೊರಟಳು.