ಆರರ ಜಾಗದ ಕೆಂಪು

ಕರೆದ ಹೆಸರಿಗೆ ಓಗೊಟ್ಟ ಮೇಲೆಯೇ ಕಲ್ಲನ್ನು ಕೈಗೆ ಕೊಡಬೇಕು. ತುಮಕೂರಿನ ಚಿನ್ನದಂಗಡಿಯೊಂದರ ಮಹಡಿಯಲ್ಲಿದ್ದ ಆ ಪುಟ್ಟ ರತ್ನಪರೀಕ್ಷೆಯ ಕೋಣೆಯಲ್ಲಿ ಅದೊಂದು ಕಟ್ಟುನಿಟ್ಟು. ಹಿಂದೊಮ್ಮೆ ಇಬ್ಬರ ಉಂಗುರ ಅದಲುಬದಲಾಗಿ ರಾದ್ಧಾಂತವಾದ ಮೇಲೆ ಅಲ್ಲಿ ಕಲ್ಲು ಪರೀಕ್ಷಿಸುವ ನಂದಿತಾಳೇ ಮಾಡಿದ್ದ ನಿಯಮ. ಹೊರಗಿನ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಬ್ಬರೇ ಕೂತಿದ್ದರೂ ಅವಳು ಬಾಗಿಲಿಗೆ ಬಂದು ಹೆಸರು ಕೂಗುತ್ತಿದ್ದಳು.

ಆ ಶುಕ್ರವಾರ ಕೂಗಿದ್ದು ಯಡಿಯೂರಿನ ಅಣ್ಣಯ್ಯಪ್ಪನವರನ್ನು. ಅವರು ತಂದಿದ್ದು ತಂದೆಯ ಕಾಲದ ಕೈಗಡಿಯಾರ. ಡಯಲ್ಲಿನ ಮೇಲೆ ಅಂಕಿಗಳ ಬದಲು ಹನ್ನೆರಡು ಕೆಂಪು ಹರಳು.

"ಹನ್ನೆರಡೂ ಕೃತಕ ಮಾಣಿಕ್ಯ, ಯಜಮಾನ್ರೇ."

"ಅಂದ್ರೆ ನಮ್ಮಪ್ಪ ಸಾಯೋಗಂಟ ಗಾಜ್ ಕಟ್ಕಂಡು ಮೆರೆದ್ನಾ?"

"ಗಾಜಲ್ಲ, ಮಾಣಿಕ್ಯವೇ. ಆದ್ರೆ ನೆಲದಲ್ಲಿ ಹುಟ್ಟಿದ್ದಲ್ಲ, ಕುಲುಮೇಲಿ ಮಾಡಿದ್ದು. ಒಳಗೆ ಬಾಗಿದ ಗೆರೆ ಇದೆ ನೋಡಿ, ಅದೇ ಗುರುತು."

"ಟೆಸ್ಟ್ ಟ್ಯೂಬ್ ಬೇಬಿ ಅನ್ನಿ ಹಂಗಾರೆ!" ಅಣ್ಣಯ್ಯಪ್ಪ ಹೊಟ್ಟೆ ಕುಣಿಸಿ ನಕ್ಕರು.

ನಂದಿತಾ ನಗಲಿಲ್ಲ. ಅವಳ ಕೈ ತಾನಾಗಿ ಸೆರಗಿನಡಿಗೆ ಹೋಯಿತು. ಈಗ ಐದನೇ ತಿಂಗಳು. ಹಿಂದಿನ ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಕೈತಪ್ಪಿತ್ತು. ಇದೊಂದು ನಿಲ್ಲಲಿ ಎಂಬುದರ ಹೊರತು ಅವಳಿಗೆ ಬೇರೆ ಹಂಬಲವಿರಲಿಲ್ಲ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಕೆಮ್ಮು ಬಂದರೂ ಹೆದರುತ್ತಿದ್ದಳು.

ಅಣ್ಣಯ್ಯಪ್ಪ ಹೋದ ಮೇಲೆ ಅವಳ ಕಣ್ಣು ತನ್ನ ಗಡಿಯಾರದ ಮೇಲೆ ಬಿತ್ತು. ಅದರಲ್ಲೂ ಹನ್ನೆರಡು ಕೆಂಪು ಹರಳು. ಮೂರು ವರ್ಷದ ಹಿಂದೆ, ಮದುವೆಯಲ್ಲಿ, ಮಾವ ಚಿಕ್ಕಬೀರಯ್ಯ ಕೊಟ್ಟದ್ದು. ಗಡಿಯಾರದ ಕಾರ್ಖಾನೆಯಲ್ಲಿ ಡಯಲ್ಲುಗಳ ಕೆಲಸ ಮಾಡಿದವರು, ಈಗ ಅವರಿಲ್ಲ. ಮನೆಯವರು ಕೊಟ್ಟದ್ದನ್ನು ಪರೀಕ್ಷಿಸಿದರೆ ಮನೆಯವರನ್ನೇ ಪರೀಕ್ಷಿಸಿದಂತೆ ಎಂದು ಅದನ್ನು ಎಂದೂ ಮೈಕ್ರೋಸ್ಕೋಪಿನಡಿ ಇಟ್ಟವಳಲ್ಲ. ಇಂದು ಕೆಳಗಿನ ವಾಚ್ ಅಂಗಡಿಯಲ್ಲಿ ಗಾಜು ಬಿಚ್ಚಿಸಿ ತಂದಳು.

ಹನ್ನೆರಡು, ಒಂದು, ಎರಡು... ಎಲ್ಲದರಲ್ಲೂ ಅದೇ ಬಾಗಿದ ಗೆರೆ, ಅದೇ ಗಾಳಿಗುಳ್ಳೆ. ಆರಕ್ಕೆ ಬಂದಾಗ ಕೈ ನಿಂತಿತು. ಈ ಕಲ್ಲಿನೊಳಗೆ ರೇಷ್ಮೆಯ ಎಳೆಯಂಥ ಸಣ್ಣ ಸಣ್ಣ ಸೂಜಿಗಳು ಒಂದನ್ನೊಂದು ಹಾದು ಹೋಗಿದ್ದವು. ನೆಲದಲ್ಲಿ ಹುಟ್ಟಿದ ಕಲ್ಲು. ಕೈಯಲ್ಲಿ ಸಾಣೆ ಹಿಡಿದ ಅಂಚು, ಒಂದು ಮಗ್ಗುಲು ಮುಕ್ಕು. ಬುಡದಲ್ಲಿ ಕರಿಯ ಅರಗು ಅಂಟಿತ್ತು. ಕಾರ್ಖಾನೆಯ ಡಯಲ್ಲಿನಲ್ಲಿ ಅರಗಿಗೆ ಏನು ಕೆಲಸ? ಅರಗು ತುಂಬಿ ಕಲ್ಲು ಕೂರಿಸುವುದು ಹಳೆಯ ಕಿವಿಯೋಲೆಗೆ.

ಸಂಜೆ ಉಪ್ಪಾರಹಳ್ಳಿಯ ಮನೆಗೆ ಬಂದಾಗ ಅತ್ತೆ ರಂಗಲಕ್ಷ್ಮಮ್ಮ ನೆನೆಹಾಕಿದ ಅವರೆಕಾಳು ಹಿಸುಕುತ್ತ ಕೂತಿದ್ದರು.

"ಅತ್ತೆ, ನನ್ನ ವಾಚಲ್ಲಿ ಆರರ ಹತ್ರ ಇರೋ ಕಲ್ಲು ಯಾರ್ದು?"

ಬೆರಳುಗಳು ನಿಲ್ಲಲಿಲ್ಲ. ಸಿಪ್ಪೆಯಿಂದ ಕಾಳು ಪುಳಕ್ಕನೆ ಹಾರಿ ಪಾತ್ರೆಗೆ ಬಿತ್ತು. "ಕಲ್ ನೋಡೋಳು ನೀನು. ನಾನೇನ್ ಕಂಡೀನಿ?"

"ಅತ್ತೆ."

"ನೀನೇ ಅಲ್ವೇನವ್ವ, ಸವತಿ ತಾಳಿ ಕಟ್ಕಳಲ್ಲ ಅಂದೋಳು? ಎಂಎಸ್ಸಿ ಓದಿದೀನಿ, ಸತ್ತೋರ ಹೆಸರ್ನ ಕತ್ತಿಗೆ ನೇತಾಕ್ಕಳಲ್ಲ ಅಂತ?"

ಅಂದಿದ್ದಳು. ಗಂಡ ನಾಗಭೂಷಣನ ಮೊದಲ ಹೆಂಡತಿ ಚೇಳೂರಿನವಳು. ಎಂಟು ತಿಂಗಳ ಬಸುರಿಯಾಗಿದ್ದಾಗ ತೀರಿಕೊಂಡವಳು. ಎರಡನೆಯವಳಾಗಿ ಬರುವವಳು ಸತ್ತವಳ ಹೆಸರಲ್ಲಿ ಒಂದು ಪುಟ್ಟ ತಾಳಿ ಕಟ್ಟಿಕೊಳ್ಳಬೇಕು, ಯಾವ ಶುಭಕಾರ್ಯಕ್ಕೂ ಮೊದಲು ಅವಳನ್ನು ಹೆಸರು ಹಿಡಿದು ಕರೆದು ಸೀರೆ ಇಡಬೇಕು. ಅದು ಆ ಮನೆಯ ಪದ್ಧತಿ. ನಂದಿತಾ ಬೇಡವೆಂದಾಗ ಯಾರೂ ಒತ್ತಾಯಿಸಿರಲಿಲ್ಲ. ತನ್ನ ಮಾತಿಗೆ ಬೆಲೆ ಸಿಕ್ಕಿತೆಂದು ಅವಳು ಹೆಮ್ಮೆಪಟ್ಟಿದ್ದಳು.

"ನಿಮ್ಮಾವ ಅವಳ ಓಲೆ ಕಲ್ಲು ಬುಡಿಸಿ ವಾಚಿಗೆ ಕೂರ್ಸಿದ್ರು. ಕತ್ತಲ್ಲಿ ಬ್ಯಾಡಾದ್ರೆ ಕೈಯಲ್ಲಾದ್ರೂ ಇರ್ಲಿ ಅಂತ. ನನ್ ಮಗಂಗೂ ಗೊತ್ತಿಲ್ಲ."

"ನಂಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಕಟ್ಕಂತಿದ್ಯಾ?"

ರಂಗಲಕ್ಷ್ಮಮ್ಮನ ಬೆರಳುಗಳು ಈಗ ನಿಂತಿದ್ದವು.

"ತಪ್ಪು ನಮ್ದೇ ಕಣವ್ವ. ಅವಳನ್ನ ಕರ್ಕಂಡು ಬಂದ್ವಿ, ಒಳೀಕೆ ಬಾ ಅನ್ಲಿಲ್ಲ. ನಿನ್ ಕಿವೀಗೆ ಬಿದ್ದಾತು ಅಂತ ಒಂದಿನಾನೂ ಹೆಸರಿಡಿದು ಕರೀಲಿಲ್ಲ. ಮೂರು ವರ್ಷದಿಂದ ಹೊಸ್ತಿಲಾಗೇ ನಿಂತವ್ಳೆ."

"ಅಂದ್ರೆ ಆ ಎರಡು ಸಲ..."

"ನಾನ್ ಅಂಗಂದ್ನಾ?" ಎಂದರು ಅತ್ತೆ, ಥಟ್ಟನೆ. ಮತ್ತೆ ಕಾಳಿಗೆ ಕೈಹಾಕಿದರು. ಆದರೆ ಸೊಸೆಯ ಮುಖವನ್ನು ನೋಡಲಿಲ್ಲ.

ಮರುದಿನ ನಂದಿತಾ ಒಂದು ಗಂಟೆ ಮೊದಲೇ ಕೆಲಸಕ್ಕೆ ಬಂದಳು. ಚಿಮಟ ತೆಗೆದುಕೊಂಡಳು. ಆರರ ಕಲ್ಲನ್ನು ಎಬ್ಬಿಸಲು ಅರ್ಧ ನಿಮಿಷ ಸಾಕು. ಕಲ್ಲಿಗೆ ನೆನಪಿಲ್ಲ, ಕೋಪವಿಲ್ಲ. ಅದು ಅವಳು ಓದಿ ತಿಳಿದದ್ದು. ಆದರೆ ಡಯಲ್ಲು ಮಣಿಕಟ್ಟಿನ ಒಳಮಗ್ಗುಲಿಗೆ ಬರುವಂತೆ ಕಟ್ಟುವುದು ಅವಳ ರೂಢಿ. ಮೂರು ವರ್ಷ ಆ ಕಲ್ಲು ಅವಳ ನಾಡಿಯ ಮೇಲೇ ಕೂತಿತ್ತು. ಬಸಿರು ಕೈತಪ್ಪಿದ ಆ ಎರಡು ದಿನಗಳಲ್ಲೂ ಕೂತಿತ್ತು. ಆಗ ಅದು ಏನನ್ನು ಕೇಳಿಸಿಕೊಂಡಿತ್ತು?

ಚಿಮಟದ ತುದಿ ಕಲ್ಲಿಗೆ ತಾಗಿತು. ಕಿತ್ತ ಮೇಲೆ ಎಲ್ಲಿಡುವುದು? ಡಬ್ಬಿಯಲ್ಲೇ? ಕಸದಲ್ಲೇ? ಎಂಟು ತಿಂಗಳು ಹೊತ್ತವಳನ್ನು, ತಾನು ಐದಕ್ಕೇ ಇಷ್ಟು ನಡುಗುತ್ತಿರುವಾಗ?

ಚಿಮಟವನ್ನು ಕೆಳಗಿಟ್ಟಳು. ವರದಿಯ ಹಾಳೆ ತೆಗೆದು, ಎಂದಿನಂತೆ ಒಂದೊಂದೇ ಪದ ತೂಗಿ ಬರೆದಳು. ಕಲ್ಲು: ಮಾಣಿಕ್ಯ. ಹುಟ್ಟು: ಸಹಜ. ಇರುವ ಜಾಗ: ಡಯಲ್ಲಿನಲ್ಲಿ ಆರು. ಕೊನೆಯಲ್ಲಿ ಮಾಲೀಕರ ಹೆಸರು. ಅಲ್ಲಿ ಪೆನ್ನು ಬಹಳ ಹೊತ್ತು ತಡೆಯಿತು.

ವನಜಾಕ್ಷಿ, ಚೇಳೂರು.

ಆ ಹೆಸರನ್ನು ಅವಳು ಬರೆದದ್ದು ಅದೇ ಮೊದಲು. ಹಾಳೆಯನ್ನೂ ಗಡಿಯಾರವನ್ನೂ ಹಿಡಿದು ಬಾಗಿಲಿಗೆ ಬಂದಳು. ನಾಲ್ಕು ಕುರ್ಚಿಗಳೂ ಖಾಲಿ.

"ವನಜಾಕ್ಷಿ."

ಕೆಳಗೆ ಯಾವುದೋ ಅಂಗಡಿಯ ಷಟರ್ ಸದ್ದು ಮಾಡುತ್ತ ಮೇಲೇರಿತು. ಆಮೇಲೆ ಏನೂ ಇಲ್ಲ.

"ವನಜಾಕ್ಷಿಯವರೇ, ಒಳಗೆ ಬನ್ನಿ." ಗಡಿಯಾರವನ್ನು ತುಸು ಎತ್ತಿ ಹಿಡಿದಳು. "ನಿಮ್ಮದು ನನ್ನ ಹತ್ರ ಇದೆ. ನಂಗೆ ಗೊತ್ತಿರಲಿಲ್ಲ."

ಯಾರೂ ಓಗೊಡಲಿಲ್ಲ. ಓಗೊಡದೆ ಕೊಡುವಂತಿಲ್ಲ, ಕೊಡದೆ ಒಳಗೆ ಹೋಗಲು ಅವಳಿಗೆ ಕಾಲು ಬರಲಿಲ್ಲ. ಸೀರೆಯನ್ನು ಒಟ್ಟುಮಾಡಿಕೊಂಡು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಬಂದಾಗಿನಿಂದ ಹೆಗಲಲ್ಲೇ ಇದ್ದ ಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ, ತಪ್ಪು ಮಾಡಿದವಳಂತೆ, ಆ ಚೀಲವನ್ನು ಎತ್ತಿ ನೆಲದ ಮೇಲಿಟ್ಟು ಕುರ್ಚಿಯನ್ನು ಖಾಲಿ ಮಾಡಿದಳು.