ರೂತ್ ಎಂಬ ಹಳೆಯ ಪದ

ಅಮ್ಮ ಮೂಳೆ ವಾರ್ಡಿನ ಹಿರಿಯ ನರ್ಸು. ಆಪರೇಷನ್ ಆದ ಮರುದಿನವೇ ರೋಗಿಗಳನ್ನು ಎಬ್ಬಿಸಿ ನಡೆಸುತ್ತಿದ್ದಳು. ಅತ್ತರೂ ಬೈದರೂ ಬಿಡುತ್ತಿರಲಿಲ್ಲ. ಅವಳ ನಿವೃತ್ತಿಯ ದಿನ ದೊಡ್ಡ ಡಾಕ್ಟರು ವೇದಿಕೆಯ ಮೇಲಿಂದ, "ಇವರು ನಮ್ಮ ರೂತ್‌ಲೆಸ್ ಸಿಸ್ಟರ್" ಎಂದರು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ಆದರೆ ಮುಖ ಸಣ್ಣದಾಯಿತು.

"ಕನಿಕರ ಇಲ್ಲದವಳು ಅಂತ ತಾನೇ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ನಾನು ನಿಘಂಟು ಕಚೇರಿಯಲ್ಲಿ ಪದಗಳ ಹುಟ್ಟು ಹುಡುಕುವವಳು. ಮನೆಯವರ ಪರವಾಗಿ ಮಾತಾಡಲು ಕರೆದಾಗ ಎದ್ದು ಹೇಳಿದೆ:

"ಇಂಗ್ಲಿಷಿನಲ್ಲಿ ಹಿಂದೆ ರೂತ್ ಅಂತಾನೇ ಒಂದು ಪದ ಬಳಕೇಲಿತ್ತು. ಇನ್ನೊಬ್ಬರ ನೋವಿಗೆ ಮರುಗೋದು ಅಂತ ಅರ್ಥ. ಬರ್ತಾ ಬರ್ತಾ ಜನ ಅದನ್ನ ಮರೆತರು. ಅದು ಇಲ್ಲ ಅನ್ನೋ ರೂತ್‌ಲೆಸ್ ಮಾತ್ರ ಬಾಯಲ್ಲಿ ಉಳೀತು. ನಮ್ಮಮ್ಮನ ಮರುಕಾನೂ ಹಾಗೇ, ಇಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಮನೇಲಿ ನಾವು ನೋಡಿದ್ದೀವಿ. ಯಾರಾದ್ರೂ ತುಂಬಾ ಅತ್ತ ದಿನ ಅವಳಿಗೆ ಊಟ ಸೇರ್ತಿರಲಿಲ್ಲ. ಬೆಳಗ್ಗೆ ಹೋಗಿ ಮತ್ತೆ ಅವರನ್ನೇ ನಡೆಸೋಳು."

ಹಿಂದಿನ ಸಾಲಿನಿಂದ, ಒಮ್ಮೆ ಅಮ್ಮನ ವಾರ್ಡಿನಲ್ಲಿದ್ದ ಬಡಗಿಯೊಬ್ಬರು ಎದ್ದು ಬಂದು, ಯಾರ ಆಸರೆಯೂ ಇಲ್ಲದೆ ವೇದಿಕೆಯ ಮೆಟ್ಟಿಲು ಹತ್ತಿದರು.

"ಸೊಂಟ ಮುರ್ಕೊಂಡು ಮಲಗಿದ್ದಾಗ ಸಿಸ್ಟರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ" ಎಂದು ಕೈಮುಗಿದರು.

ಅಮ್ಮ ಅವರ ಹೆಜ್ಜೆಯನ್ನೇ ನೋಡುತ್ತಿದ್ದಳು. "ಎಡಗಾಲು ಇನ್ನೂ ಸ್ವಲ್ಪ ಎಳೀತೀರಿ. ದಿನಾ ನಡೀಬೇಕು, ಸಬೂಬು ಹೇಳ್ಬೇಡಿ" ಎಂದಳು.

ಎಲ್ಲರಿಗಿಂತ ಮೊದಲು ದೊಡ್ಡ ಡಾಕ್ಟರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವಳು ನನ್ನ ಅಮ್ಮ ಎಂದು ನನ್ನ ಎದೆ ತುಂಬಿ ಬಂತು.