ಸುಮ್ಮನಿರುವ ಜಾಗ

ನಮ್ಮ ಮನೆಯವರಿಗೆ ಕನ್ನಡ ಎರಡು ಕೆಲಸಕ್ಕೆ ಬೇಕು. ಮನೆಯೊಳಗೆ ಮಾತಾಡುವುದಕ್ಕೆ, ಹೊರಗೆ ಹೋದಾಗ ಗುಟ್ಟು ಹೇಳುವುದಕ್ಕೆ. ಅಬಿಡ್ಸ್‌ನ ಸೀರೆ ಅಂಗಡಿಯಲ್ಲಿ ಅಂಗಡಿಯವನ ಜೊತೆ ತೆಲುಗು. ಅವನ ಮಾಲು ಎರಡು ಒಗೆತಕ್ಕೆ ಬಾಳುವುದಿಲ್ಲ ಎಂದು ಅವನೆದುರಿಗೇ ಹೇಳುವುದಕ್ಕೆ ಕನ್ನಡ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಒಡವೆ, ಒಂಟಿ ಕಾಲಿನ ಮೇಲೆ ಕಾಯಿಸುವ ಬ್ಯಾಂಕಿನ ಹುಡುಗಿ, ಯಾರನ್ನೂ ಬಿಟ್ಟವರಲ್ಲ. ಅಜ್ಜ ಸರಕಾರಿ ನೌಕರಿಗೆಂದು ಮುದಗಲ್ಲಿನಿಂದ ಬಂದು ಹೈದರಾಬಾದಿನಲ್ಲಿ ನೆಲೆಯಾದಾಗಿನ ಚಟ ಇದು. ಅಪ್ಪನ ಅಕ್ಕ ನಲಿನಿ ಅತ್ಯಾ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದು.

ಆ ಶನಿವಾರ ಸಂಜೆ ನನ್ನ ಜೊತೆ ಬಂದವಳು ಇದೇ ಅತ್ಯಾ. ‘ಸೂಖಾ ತಾಲಾಬ್’ ಬ್ಯಾಂಡು ನಾಚಾರಂನಲ್ಲಿ ಬಾರಿಸುತ್ತದೆ, ನಾನು ಹೋಗಬೇಕು ಎಂದು ಊಟದ ಹೊತ್ತಿಗೆ ಹೇಳಿದಾಗ ಅಪ್ಪ ತುತ್ತು ನಿಲ್ಲಿಸಿ ನೋಡಿದ್ದರು. ಬತ್ತಿದ ಕೆರೆ ಎಂದು ಹೆಸರಿಟ್ಟುಕೊಂಡವರು ಎಂಥ ಹಾಡು ಹಾಡಿಯಾರು ಎನ್ನುವುದು ಅವರ ಮೊದಲ ಅನುಮಾನ. ರಾಕ್ ಬ್ಯಾಂಡು, ದಖನಿ ಉರ್ದುವಿನಲ್ಲಿ ಹಾಡುತ್ತಾರೆ, ಎಲ್ಲರೂ ಇದೇ ಊರಿನವರು ಎಂದೆ.

“ಹೋಗೂದ ಆದ್ರ ನಲಿನಿ ಅಕ್ಕನ್ನ ಕರಕೊಂಡು ಹೋಗು” ಎಂದರು. ಅಷ್ಟಕ್ಕೆ ನಾನು ಸುಮ್ಮನಾಗುತ್ತೇನೆ ಎಂದು ಅವರ ಲೆಕ್ಕ. ಅತ್ಯಾ ಮಾತ್ರ ಮೊಣಕಾಲಿಗೆ ಪಟ್ಟಿ ಏರಿಸಿ, ಚೀಲದಲ್ಲಿ ಹತ್ತಿ ಇಟ್ಟುಕೊಂಡು, ಶಾಲು ಹೊದ್ದು ಬಂದೇಬಿಟ್ಟಳು. “ಅದೇನ ಗದ್ದಲಾ ಐತೋ ನಾನೂ ನೋಡೇಬಿಡ್ತೀನಿ.”

ಬೇಗಂಪೇಟೆಯಿಂದ ಹಬ್ಸಿಗುಡಕ್ಕೆ ಮೆಟ್ರೊ. ಸೀಟು ಸಿಕ್ಕರೂ ನನಗೆ ಕೂರಲಾಗಲಿಲ್ಲ. ಬಾಗಿಲ ಬಳಿ ನಿಂತೆ, ಮತ್ತೆ ಬಂದು ಕೂತೆ, ಫೋನು ತೆಗೆದು ಬ್ಯಾಂಡಿನ ಪುಟ ನೋಡಿದೆ, ಒಳಗಿಟ್ಟೆ. ಪುಟದಲ್ಲಿ ಬೆಳಗಿನಿಂದ ಒಂದೇ ಸಾಲು ಇತ್ತು. ‘ಚೌಥೀ ಮಂಜಿಲ್’, ನಾಲ್ಕನೇ ಮಾಳಿಗೆ, ಎಂಬ ಹಾಡನ್ನು ಇವತ್ತು ಕೊನೆಯ ಸಲ ಬಾರಿಸುತ್ತೇವೆ, ಇನ್ನು ಮುಂದೆ ವೇದಿಕೆಯ ಮೇಲೆ ಇಲ್ಲ.

ನಾನು ಹೊರಟಿದ್ದು ಆ ಹಾಡಿಗೇ. ಇನ್ನೂ ನಿಜ ಹೇಳಬೇಕೆಂದರೆ, ಆ ಹಾಡಿನ ನಡುವಿನ ಒಂದು ಜಾಗಕ್ಕೆ.

ಹಬ್ಸಿಗುಡದಲ್ಲಿ ಇಳಿದು ನಾಚಾರಂ ಕಡೆಯ ಷೇರ್ ಆಟೊ ಹತ್ತಿದೆವು. ಹಿಂದೆ ನಾವಿಬ್ಬರು. ಮುಂದೆ ಡ್ರೈವರನ ಪಕ್ಕದಲ್ಲಿ ಅರ್ಧ ಸೀಟಿನ ಮೇಲೆ ಒಬ್ಬ ಹುಡುಗ, ಮೊಣಕಾಲ ನಡುವೆ ಉದ್ದನೆಯ ಚೀಲ, ಹೆಗಲ ಮೇಲೆ ಹರಡಿದ ಕೂದಲು. ಫೋನಿನಲ್ಲಿ ಯಾರಿಗೋ “ಆರಾ ಭಾಯ್, ರಸ್ತೆ ಮೇ ಹೂಂ” ಎಂದು ದಖನಿಯಲ್ಲಿ, ದಾರಿಯಲ್ಲಿದ್ದೇನೆ ಎನ್ನುತ್ತಿದ್ದ. ಮಾತು ಮುಗಿದ ಮೇಲೆ ಆಟೊದ ಕಬ್ಬಿಣದ ಸರಳಿನ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದ.

“ಏ ಮೃಣಾ, ಆ ಹುಡುಗನ ಕೂದಲಾ ನೋಡ. ಒಂದ ಮೊಳಾ ಮಲ್ಲಿಗಿ ಮುಡಸಬಹುದು” ಎಂದಳು ಅತ್ಯಾ.

“ಅತ್ಯಾ, ಸಣ್ಣಗ.”

“ಸಣ್ಣಗ ಯಾಕ? ಇಲ್ಲೆ ಯಾರಿಗೆ ತಿಳೀತೈತಿ?” ಆಮೇಲೆ ನನ್ನ ಕಡೆ ತಿರುಗಿದಳು. “ನೀ ಯಾಕ ಹಿಂಗ ಚಡಪಡಿಸಾಕತ್ತಿ? ಸೆರಗಿಗೆ ಇರುವಿ ಹತ್ತಿದವರಂಗ.”

ಬೇರೆ ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದೆ. ಎಂ.ಎ. ಮುಗಿಸಿ ನೌಕರಿಯ ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟುತ್ತ ಮನೆಯಲ್ಲೇ ಕೂತವಳಿಗೆ ಏನೂ ಇಲ್ಲ ಎನ್ನುವುದು ರೂಢಿ. ಆದರೆ ಆಟೊದೊಳಗೆ, ಯಾರಿಗೂ ತಿಳಿಯದ ಭಾಷೆಯಲ್ಲಿ, ನನಗೆ ಬಾಯಿ ಬಂತು.

“ಆ ಹಾಡಿನ್ಯಾಗ ಒಬ್ಬಾಂವ ಲಿಫ್ಟಿನ್ಯಾಗ ಹೊಂಟಿರ್ತಾನ ಅತ್ಯಾ. ನಾಕನೇ ಮಾಳಗಿಗೆ ಕರೆಂಟ್ ಹೋಗತೈತಿ. ಅಲ್ಲೆ ಹಾಡ ನಿಲ್ತೈತಿ. ಡ್ರಮ್ಮಿಲ್ಲ, ದನಿಯಿಲ್ಲ. ಗಿಟಾರಿನ ಒಂದ ತಂತಿ ಅಷ್ಟ ನಡಗತಿರ್ತೈತಿ. ಭಾಳ ಹೊತ್ತು.”

“ಕರೆಂಟ್ ಹೋದ್ರ ನಿನಗ್ಯಾಕ ಅಷ್ಟ ಖುಷಿ?”

“ಅಲ್ಲೆ ಯಾರೂ ‘ಮುಂದೇನವಾ’ ಅಂತ ಕೇಳಂಗಿಲ್ಲ.”

ನಡುಮನೆಯಲ್ಲಿ ಮಲಗುವವಳು ನಾನು, ಅಪ್ಪನ ಟಿ.ವಿ. ಸುದ್ದಿ, ಅಮ್ಮನ ಫೋನು, ಬಂದವರ ಪ್ರಶ್ನೆ ಎಲ್ಲ ನನ್ನ ಹಾಸಿಗೆಯ ಮೇಲೆಯೇ ಹಾಯಬೇಕು. ಅತ್ಯಾಳಿಗೆ ಅದು ಗೊತ್ತಿತ್ತು.

“ಮತ್ತ ಈಗೇನಾತು?”

“ಹೊಸಾ ಡ್ರಮ್ಮರ್ ಬಂದಾನ. ಅವಗ ಸುಮ್ಮ ಕುಂದ್ರಾಕ ಬರಂಗಿಲ್ಲ. ಹಳೇ ಡ್ರಮ್ಮರ್ ಸ್ಟುಡಿಯೊ ವಿಡಿಯೊದಾಗ ಕೈ ಎತ್ತಿ ಕಾಯ್ತಿದ್ದ. ಇಂವಾ ಆ ಜಾಗಾ ಬಂದ ಕೂಡಲೇ ಅಟ್ಟದ ಮ್ಯಾಲಿನ ಭಾಂಡಿ ಕೆಡವಿದಂಗ ಧಡಾ ಧಡಾ ಅಂತ ತುಂಬಸ್ತಾನ. ಇತ್ತೀಚಿನ ವಿಡಿಯೊ ಎಲ್ಲಾ ನೋಡೀನಿ. ಇವತ್ತರ ಒಂದ ಸಲ ಸುಮ್ಮಿದ್ರ ಸಾಕು ನನಗ.”

“ನಿಮ್ಮಪ್ಪನ ಗತೆನ. ಯಾರರ ಸುಮ್ಮ ಕುಂತ್ರ ಅವಗ ತಡ್ಯಂಗಿಲ್ಲ.”

ಸರಳಿನ ಮೇಲಿನ ಬೆರಳ ತಾಳ ಆಗಲೇ ನಿಂತಿತ್ತು. ನಾನು ಅದನ್ನು ಗಮನಿಸಿದೆ, ಯಾಕೆಂದು ಯೋಚಿಸಲಿಲ್ಲ.

ಕಾರ್ಖಾನೆಗಳ ಸಾಲಿನ ತಿರುವಿನಲ್ಲಿ ಆಟೊ ನಿಂತಿತು. ಅತ್ಯಾ ಕಾಲು ಕೆಳಗಿಡಲು ತಡಕಾಡುತ್ತಿದ್ದಾಗ ಆ ಹುಡುಗ ಇಳಿದು ಬಂದು ಕೈ ಚಾಚಿದ.

“ಸಾವಕಾಶ ಇಳೀರಿ ಅತ್ಯಾರ, ಮೊಣಕಾಲ ಜ್ವಾಪಾನ.”

ನನ್ನ ಮೈಯಲ್ಲಿದ್ದ ರಕ್ತವೆಲ್ಲ ಕಿವಿಗೆ ಏರಿತು.

“ಮಲ್ಲಿಗಿ ಮಾತ್ರ ಬ್ಯಾಡ್ರಿ. ನನಗ ಸೀನ ಬರ್ತಾವು.”

ಬೇರೆ ಯಾರೇ ಆಗಿದ್ದರೂ ಆ ರಸ್ತೆಯಲ್ಲಿ ಹೂತುಹೋಗುತ್ತಿದ್ದರು. ಅತ್ಯಾ ಅವನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. “ಯಪ್ಪಾ, ನಮ್ಮವನ ಏನೋ! ಯಾವೂರಪಾ ನಿಂದು?”

“ಲಿಂಗಸೂರ ಹತ್ರ ಒಂದ ಹಳ್ಳಿ ರೀ. ಅಪ್ಪ ಇಲ್ಲೇ ಉಪ್ಪಲ್‌ದಾಗ ಮನಿ ಕಟ್ಟೂ ಗೌಂಡಿ ಕೆಲಸ ಮಾಡ್ತಾನ್ರಿ.”

“ಮುದಗಲ್ಲ ನಮ್ಮದು! ಮಗ್ಗಲಾಗ! ಮೊದಲ ಹೇಳಬಾರದೇನೋ ಮತ್ತ?”

“ಹೇಳಿದ್ರ ನೀವು ಮಾತ ನಿಲ್ಲಸ್ತಿದ್ರಿ” ಎಂದು ನಕ್ಕ. ಚೀಲ ಹೆಗಲಿಗೇರಿಸಿ ನನ್ನ ಕಡೆ ನೋಡಿಯೂ ನೋಡದಂತೆ, “ಬರ್ತೀನ್ರಿ ಅಕ್ಕಾರ” ಎಂದು ಕತ್ತಲಾಗುತ್ತಿದ್ದ ಓಣಿಯಲ್ಲಿ ಓಡಿದಂತೆ ಹೋದ.

“ಛಲೋ ಹುಡುಗ” ಎಂದಳು ಅತ್ಯಾ. ನನ್ನ ‘ಮುಂದೇನವಾ’ ಒಬ್ಬ ಅಪರಿಚಿತನ ಕಿವಿಯಲ್ಲಿ ಕೂತು ಹೋಗಿತ್ತು. ಅದನ್ನು ಓಡಿ ಹಿಡಿದು ವಾಪಸು ಇಸಿದುಕೊಳ್ಳುವಂತಿದ್ದರೆ ಓಡುತ್ತಿದ್ದೆನೋ ಏನೋ.

ಮುಚ್ಚಿಹೋದ ಒಂದು ಕಾರ್ಖಾನೆಯ ಷೆಡ್ಡಿನಲ್ಲಿ ಕಾರ್ಯಕ್ರಮ. ಮೇಲೆ ತಗಡು, ನೆಲದಲ್ಲಿ ಯಂತ್ರ ಕಿತ್ತ ಗುಂಡಿಗಳಿಗೆ ಹಲಗೆ ಮುಚ್ಚಿದ್ದರು. ಗಾಳಿಯಲ್ಲಿ ಇನ್ನೂ ಗ್ರೀಸಿನ ವಾಸನೆ. ನಾನು ತಿಂಗಳಿಂದ ಕನಸಿದ್ದು ಜನರ ನಡುವೆ, ಯಾರ ಕಣ್ಣಿಗೂ ಬೀಳದೆ ನಿಲ್ಲುವುದನ್ನು. ಅತ್ಯಾ ಒಳಗೆ ಕಾಲಿಟ್ಟವಳೇ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯನ್ನು ಹಿಡಿದು ತೆಲುಗಿನಲ್ಲಿ “ಅಮ್ಮಾ, ಕುರ್ಚೀ ಉಂದಾ?” ಎಂದಳು. ಆ ಹುಡುಗಿ ಪಾಪ, ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ವೇದಿಕೆಯ ಮಗ್ಗುಲಿಗೇ ಹಾಕಿದಳು. ಎಲ್ಲರೂ ಎದುರಿಗೆ ನಿಂತಿದ್ದರೆ ನಾವಿಬ್ಬರು ಬದಿಯಲ್ಲಿ, ಡ್ರಮ್ಮುಗಳ ಪಕ್ಕಕ್ಕೆ. ಅತ್ಯಾ ಎರಡೂ ಕಿವಿಗೆ ಹತ್ತಿ ತುರುಕಿ, ಮದುವೆ ಮನೆಗೆ ಬಂದವಳ ಹಾಗೆ ಕೈ ಕಟ್ಟಿ ಕೂತಳು.

ದೀಪ ಆರಿತು. ಕೂಗು ಎದ್ದಿತು. ಹಾಡುವ, ಗಿಟಾರ್ ಬಾರಿಸುವ ಕೇದಾರ ಬಂದ. ಬೇಸ್ ಗಿಟಾರಿನ ಕೃಪಾ ಬಂದಳು. ಕೊನೆಗೆ, ಕೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿಕೊಂಡು, ಉದ್ದನೆಯ ಚೀಲದಿಂದ ಕೋಲು ತೆಗೆಯುತ್ತ ಆಟೊದ ಹುಡುಗ ಬಂದು ಡ್ರಮ್ಮುಗಳ ಹಿಂದೆ ಕೂತ. ವಿಡಿಯೊಗಳಲ್ಲಿ ಡ್ರಮ್ಮುಗಳ ಹಿಂದಿನ ಕತ್ತಲಲ್ಲಿ ಆ ಗಂಟು ಅಷ್ಟೇ ಕಾಣುತ್ತಿತ್ತು, ಮುಖ ಎಂದೂ ಕಂಡಿರಲಿಲ್ಲ.

“ಅತ್ಯಾ, ಹೋಗೋಣು ನಡಿ.”

“ಏನು?” ಕಿವಿಯಲ್ಲಿ ಹತ್ತಿ.

“ಹೋಗೋಣು!”

“ಹುಚ್ಚಿ, ಈಗರ ಕುರ್ಚಿ ಸಿಕ್ಕೈತಿ.” ಅಷ್ಟರಲ್ಲಿ ಅವಳಿಗೂ ಕಂಡಿತು. “ಏ! ನಮ್ಮ ಲಿಂಗಸೂರ ಹುಡುಗ ಅಲ್ಲೇನ!” ಎಂದು ಶಾಲಿನ ಚುಂಗು ಎತ್ತಿ ಬೀಸಿದಳು. ಅವನು ತಿರುಗಿ ನೋಡಿದ. ಅತ್ಯಾಳನ್ನು ನೋಡಿ ತಲೆ ಬಾಗಿಸಿದ. ನನ್ನನ್ನು ನೋಡಿದವನು ಮುಖದ ಮೇಲಿನ ನಗೆಯನ್ನು ಅರ್ಧಕ್ಕೇ ಮಡಚಿ ಇಟ್ಟ.

ಮುಂದಿನ ಒಂದು ಗಂಟೆ ನಾನು ಹಾಡು ಕೇಳಿದೆ ಎಂದರೆ ಸುಳ್ಳಾಗುತ್ತದೆ. ಅವನ ಕೈಗಳನ್ನು ನೋಡಿದೆ. ವಿಡಿಯೊದಲ್ಲಿ ಕೇಳಿದ್ದಕ್ಕಿಂತ ಬೇರೆಯೇ ಇದ್ದ ಅವನು. ಕೇದಾರ ಉಸಿರಿಗೆ ನಿಂತಲ್ಲಿ ಇವನ ಕೈ ಹಗುರಾಗುತ್ತಿತ್ತು. ಕೃಪಾ ತಂತಿ ತಪ್ಪಿದಾಗ ಇವನೊಂದು ಪೆಟ್ಟು ಹೆಚ್ಚು ಹಾಕಿ ತಪ್ಪು ಮುಚ್ಚುತ್ತಿದ್ದ. ಭಾಂಡಿ ಕೆಡವುವವನ ಕೈಗಳಲ್ಲ ಅವು. ಪ್ರತಿ ಹಾಡು ಮುಗಿದಾಗಲೂ ಮುಂದಿನದು ಅದೇ ಇರಬಹುದೇ ಎಂದು ಮೊದಲ ಸ್ವರಕ್ಕೆ ಕಿವಿ ಕೊಡುತ್ತಿದ್ದೆ. ಅವನು ಸಿಟ್ಟಿಗೆ ಆ ಜಾಗವನ್ನು ಇನ್ನೂ ಜೋರಾಗಿ ತುಂಬಿದರೆ? ನಾನು ಕಾಯ್ದಿಟ್ಟುಕೊಂಡಿದ್ದನ್ನು ನನ್ನ ಬಾಯಿಂದಲೇ ಕಳೆದುಕೊಂಡಂತಾಗುತ್ತದೆ. ಶಾಲಿನ ಒಂದು ತುದಿಯನ್ನು ನಾನು ಯಾವಾಗ ಹಿಡಿದೆನೋ, ಅತ್ಯಾ ನನ್ನ ಕೈಯನ್ನು ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಿದ್ದಳು.

“ಡ್ರಮ್ಸ್ ಪೇ, ಹಮಾರಾ ಹುಲಗೇಶ!” ಎಂದು ಕೇದಾರ ಪರಿಚಯಿಸಿದ. ಷೆಡ್ಡಿನ ಹಿಂಬದಿಯಿಂದ, ಬಾಗಿಲ ಬಳಿಯಿಂದ, ಉಳಿದವರಿಗಿಂತ ಬೇರೆ ಬಗೆಯ ಸಿಳ್ಳು ಬಿತ್ತು.

ಆಮೇಲೆ ‘ಚೌಥೀ ಮಂಜಿಲ್’.

ಮೊದಲ ಮಾಳಿಗೆ, ಎರಡನೆಯದು, ಮೂರನೆಯದು. ಜನ ಪದಪದವನ್ನೂ ಹಾಡುತ್ತಿದ್ದರು. ಲಿಫ್ಟು ಏರಿದಂತೆ ಡ್ರಮ್ಮು ಏರಿ, ನಾಲ್ಕನೆಯದರ ಹೊಸ್ತಿಲಲ್ಲಿ ಎಲ್ಲವೂ ಕತ್ತರಿಸಿ ಬಿತ್ತು. ಹುಲಗೇಶ ಎರಡೂ ಕೋಲುಗಳನ್ನು ಮೇಲೆತ್ತಿದ. ಹಾಗೆಯೇ ಹಿಡಿದ.

ಬಾರಿಸಲಿಲ್ಲ.

ತಂತಿ ನಡುಗುತ್ತಿತ್ತು. ನಾನು ಕಣ್ಣು ಮುಚ್ಚಬೇಕೆನ್ನುವಷ್ಟರಲ್ಲಿ ಒಬ್ಬ ಸಿಳ್ಳು ಹೊಡೆದ. ಇನ್ನೊಬ್ಬ “ವನ್ಸ್ ಮೋರ್” ಎಂದ. ಯಾರೋ ಚಪ್ಪಾಳೆ ಶುರು ಮಾಡಿದರು, ಹತ್ತಾರು ಜನ ಸೇರಿಕೊಂಡರು, ಹಾಡಿನ ಲಯಕ್ಕಿಂತ ಬೇಗ, ಒಬ್ಬರದೊಂದು ತಾಳ. ಕೇದಾರ ಹಿಂದಕ್ಕೆ ತಿರುಗಿ ಹುಬ್ಬೇರಿಸಿದ. ಕೃಪಾ ಬಾಯಿ ಆಡಿಸಿ ಏನೋ ಹೇಳಿದಳು. ಬಾರಿಸು ಎಂದೇ ಇರಬೇಕು. ಆಗ ನನಗೆ ಹೊಳೆಯಿತು. ನನ್ನ ಹಾಡಿನ ಸುಮ್ಮನಿರುವ ಜಾಗ ಬಾಗಿಲು ಮುಚ್ಚಿದ ಸ್ಟುಡಿಯೊದ್ದು. ವಿಡಿಯೊಗಳಲ್ಲಿ ವೇದಿಕೆಯ ಸದ್ದು ಮಾತ್ರ ಇರುತ್ತದೆ, ಜನರದಿಲ್ಲ. ಜನರೆದುರು ಆ ಜಾಗವನ್ನು ಬಿಟ್ಟರೆ ಕಂಡಕಂಡವರು ನುಗ್ಗುತ್ತಾರೆಂದೇ ಹುಲಗೇಶ ಡ್ರಮ್ಮಿನಿಂದ ಅದನ್ನು ತುಂಬಿ ತಾನೇ ಅಡ್ಡ ನಿಲ್ಲುತ್ತಿದ್ದ. ಇವತ್ತು ನನ್ನ ಮಾತು ಕೇಳಿ ಬಾಗಿಲು ತೆರೆದಿಟ್ಟು ಕೂತಿದ್ದಾನೆ. ಚಪ್ಪಾಳೆ ತಂತಿಯನ್ನು ನುಂಗುತ್ತಿತ್ತು.

“ಏ ಸುಮ್ಮನಿರ್ರೋ!”

ದನಿ ಯಾರದೆಂದು ನಾನೂ ಸುತ್ತ ನೋಡಿದೆ. ನನ್ನದೇ. ಹಬ್ಬಕ್ಕೆ ಸೇರಿದ ಮಕ್ಕಳನ್ನು ಅತ್ಯಾ ಗದರಿಸುವ ಅದೇ ರಾಗ, ಅದೇ ಕನ್ನಡ. ಮುಂದಿನ ಸಾಲಿನವರು ಬೆಚ್ಚಿ ತಿರುಗಿದರು. ಅರ್ಥವಾಗಿರಲಿಕ್ಕಿಲ್ಲ; ಆದರೆ ಅವರ ಕೈಗಳು ನಿಂತವು. ಕೂಡಲೇ ಷೆಡ್ಡಿನ ಆ ತುದಿಯಿಂದ ಗಡಸು ಗಂಡು ದನಿಯೊಂದು, “ಹೇಳಾಕತ್ತಾರಲ್ರಲೇ, ಸುಮ್ಮನಿರ್ರಿ!”

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಉದುರಿ ನಿಂತಿತು.

ಅದೆಷ್ಟು ಹೊತ್ತೋ ಹೇಳಲಾರೆ. ಆಮೇಲೆ ಕೋಲುಗಳು ಇಳಿದವು. ಕರೆಂಟು ಬಂತು, ಲಿಫ್ಟು ಹೊರಟಿತು.

ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ಡ್ರಮ್ಮುಗಳನ್ನು ಟೆಂಪೊಗೆ ಏರಿಸುತ್ತಿದ್ದರು. ನಾನು ಗೇಟಿನ ಕಡೆ ಎಳೆದೆ, ಅತ್ಯಾ ಟೆಂಪೊದ ಕಡೆ ಎಳೆದಳು. ಅವಳ ಕೈಯೇ ಗಟ್ಟಿ. ಹುಲಗೇಶನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ದಪ್ಪ ಮೀಸೆಯವರೊಬ್ಬರು ನಿಂತಿದ್ದರು.

“ನಮ್ಮಪ್ಪ ರೀ, ಮೌನಪ್ಪ” ಎಂದ.

“ಹಿಂದಿಂದ ಒದರಿದವರು ನೀವೇನು?” ಎಂದು ಅತ್ಯಾ ಕೇಳಿದಳು.

“ಹೂಂ ರೀ. ಮುಂದ ಯಾರೋ ನಮ್ಮ ಹೆಣ್ಮಗಳು ಒದರಾಕತ್ತಾಳ, ನಾ ಹ್ಯಾಂಗ ಸುಮ್ಮ ನಿಂದರಲಿ?”

ಅವರಿಬ್ಬರೂ ಮುದಗಲ್ಲು–ಲಿಂಗಸೂರಿನ ನಡುವೆ ಎಷ್ಟು ಹಳ್ಳಿಗಳಿವೆಯೋ ಅಷ್ಟನ್ನೂ ಮಾತಿನಲ್ಲೇ ಸುತ್ತಲು ಹೊರಟರು. ಹುಲಗೇಶ ಸಿಂಬಲ್ ತಟ್ಟೆಗಳ ಚೀಲದ ದಾರ ಕಟ್ಟುತ್ತ, ತಲೆ ಎತ್ತದೆ ಕೇಳಿದ.

“ಹ್ಯಾಂಗಿತ್ರಿ ಅಕ್ಕಾರ, ಆ ಜಾಗಾ?”

ಛಲೋ ಇತ್ತು ಎಂದು ಹೇಳಿ ಓಡಬಹುದಿತ್ತು. ನಾಲಿಗೆಯ ಮೇಲೆ ಅದೇ ಇತ್ತು. ಆದರೆ ಇವನು ಆಟೊದಲ್ಲಿ ನನ್ನ ಖರೆ ಮಾತು ಕೇಳಿಯಾಗಿದೆ. ಈಗ ಇನ್ನೊಂದು ಥರದ ಮಾತು ಕೊಟ್ಟರೆ ನಡೆಯುವುದಿಲ್ಲ.

“ಗೊತ್ತಾಗಲಿಲ್ಲ” ಎಂದೆ. “ನಾ ಒದರಿದ್ದ ಕಿವ್ಯಾಗ ಗುಂಯ್ ಅಂತಿತ್ತು. ಬ್ಯಾರೆ ಏನೂ ಕೇಳಸಲಿಲ್ಲ.”

ಅವನು ದಾರ ಬಿಟ್ಟು ನಕ್ಕ. “ನನಗೂ ಅಷ್ಟ ರೀ. ಎದಿ ಬಡಕೊಳ್ಳೂದು ಬಿಟ್ರ ಏನೂ ಕೇಳಲಿಲ್ಲ. ಸುಮ್ಮ ಕುಂದ್ರೂದು ಭಾಳ ತ್ರಾಸಿನ ಕೆಲಸಾ.”

“ಭಾಂಡಿ ಅಂದಿದ್ದು…”

“ಅದು ಖರೆ ಐತ್ರಿ. ಒಮ್ಮೊಮ್ಮಿ ನನಗೂ ಹಂಗ ಕೇಳತೈತಿ.”

ಅವನು ದಾರ ಬಿಗಿದು ಚೀಲವನ್ನು ಟೆಂಪೊಗೆ ಏರಿಸಿದ. ಟೆಂಪೊದವನು ಹಾರ್ನು ಹೊಡೆದ.

ವಾಪಸು ಮೆಟ್ರೊದಲ್ಲಿ ಅತ್ಯಾ ಕಿವಿಯ ಹತ್ತಿ ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿದಳು. ಎದುರಿಗೆ ಕೂತ ಹೆಂಗಸಿನ ಮೂಗುಬೊಟ್ಟಿನ ಮೇಲೆ ಅವಳ ಕಣ್ಣು ನಿಂತದ್ದು ನನಗೆ ಕಂಡಿತು. “ಏ ಮೃಣಾ…” ಎಂದು ಶುರು ಮಾಡಿದವಳು ತಡೆದಳು. ಬೋಗಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿ, ಬಾಯಿಯನ್ನು ನನ್ನ ಕಿವಿಗೆ ತಂದು, ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ, “ಮನಿಗೆ ಹೋಗಿ ಹೇಳ್ತೀನಿ” ಎಂದಳು.

ನಾನು ಎದ್ದು ಬಾಗಿಲ ಬಳಿ ನಿಂತೆ. ಮತ್ತೆ ಬಂದು ಕೂತೆ. ಬೋಗಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಆದರೂ ಕಿವಿಯೊಳಗೆ ನನ್ನ ದನಿ ಇನ್ನೂ ಒದರುತ್ತಲೇ ಇತ್ತು.